ಸಾಕ್ಷಿಯಿಲ್ಲದ ಆಣೆ

ಇಚಲಕರಂಜಿ
೨೯-೧೨-೧೯೬೬

ಅಕ್ಕ ಸಾವಕ್ಕನಿಗೆ ಸಾತಪ್ಪನ ನಮಸ್ಕಾರ.

ನಿನಗೆ ಬರೆಯದೆ ಎರಡು ವರ್ಷವಾಯಿತು. ಅವ್ವ ಸತ್ತಾಗ ಮನೆಯ ಎಲ್ಲಮ್ಮನ ಬುಟ್ಟಿಯನ್ನು ನನ್ನ ತಲೆಯ ಮೇಲೆ ಇಡಲು ಬಂದರು. ಗಂಡುಮಗನೇ ಹೊತ್ತು ದೇವಿಯ ಸೇವೆ ನಡೆಸಬೇಕು ಎಂದರು. ನಾನು ಹೊರುವುದಿಲ್ಲ ಎಂದೆ. ನೀನು ಬುಟ್ಟಿಯನ್ನು ನಿನ್ನ ತಲೆಗೆ ಏರಿಸಿಕೊಂಡು ಒಳಗೆ ಹೋದೆ, ನಾನು ಸಂಜೆಯ ಬಸ್ಸು ಹಿಡಿದೆ. ಆಮೇಲೆ ನಮ್ಮ ನಡುವೆ ಒಂದು ಕಾರ್ಡೂ ಇಲ್ಲ. ತಪ್ಪು ಯಾರದು ಅಂತ ಈಗ ಕೆದಕುವುದು ಬೇಡ.

ಸುದ್ದಿ ಏನೆಂದರೆ, ನಮ್ಮ ಯೂನಿಯನ್ನಿನ ಮಂದಿ ನನ್ನನ್ನು ಅಸೆಂಬ್ಲಿ ಚುನಾವಣೆಗೆ ನಿಲ್ಲಿಸಿದ್ದಾರೆ. ನಗಬೇಡ. ನಾನೇ ಸಾಕಷ್ಟು ನಕ್ಕಿದ್ದೇನೆ. ಪವರ್‌ಲೂಮಿನಲ್ಲಿ ಹತ್ತಿಯ ಧೂಳು ನುಂಗುವವನು ಮುಂಬಯಿಯ ಅಸೆಂಬ್ಲಿಯಲ್ಲಿ ಏನು ಕೆಮ್ಮುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ.

ಒಂದು ವಿಷಯ ನಿನಗೆ ನಾನೇ ಹೇಳಬೇಕು. ಬೇರೆಯವರ ಬಾಯಿಂದ ಬಂದರೆ ಉಪ್ಪು ಖಾರ ಹಚ್ಚಿಕೊಂಡು ಬರುತ್ತದೆ. ಚೀನಾ ಯುದ್ಧ ಆದ ಮೇಲೆ ಕಾಯ್ದೆ ಬದಲಾಗಿದೆ. ಚುನಾವಣೆಗೆ ನಿಲ್ಲುವವರು ಸಾಹೇಬರ ಮುಂದೆ ನಿಂತು, ದೇಶದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ದೇಶ ಒಡೆಯಲು ಬಿಡುವುದಿಲ್ಲ ಅಂತ ಶಪಥ ಮಾಡಬೇಕು. ಮಾಡದಿದ್ದರೆ ಅರ್ಜಿಯೇ ರದ್ದು. ಶಪಥಕ್ಕೆ ಎರಡು ದಾರಿ ಇಟ್ಟಿದ್ದಾರೆ. ಈಶ್ವರನ ಸಾಕ್ಷಿಯಾಗಿ ಅನ್ನಬಹುದು. ಇಲ್ಲವೆ ಯಾವ ದೇವರ ಹೆಸರೂ ಇಲ್ಲದೆ, ನಾನೇ ದೃಢವಾಗಿ ಹೇಳುತ್ತೇನೆ ಅನ್ನಬಹುದು. ನಾನು ಎರಡನೆಯದನ್ನು ಹೇಳುವವನಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷದ ಬೋನಸ್ ಸಂಪಿನಲ್ಲಿ ನಮ್ಮ ಮಗ್ಗಗಳ ಮಾಲೀಕ ಸೇಠನ ಮುಕಾದಮ ಗುರಣ್ಣ ತಾಟಿನ ತುಂಬ ಎಲ್ಲಮ್ಮನ ಭಂಡಾರ ಹಿಡಿದು ಮಗ್ಗದಿಂದ ಮಗ್ಗಕ್ಕೆ ಹೋದ. ‘ಸಂಪಿಗೆ ಹೋಗೂದಿಲ್ಲ ಅಂತ ಎತ್ರಿ’ ಅಂದ. ಒಬ್ಬೊಬ್ಬರೂ ಒಂದು ಚಿಟಿಕೆ ಅರಿಸಿನ ಎತ್ತಿ ಹಣೆಗೆ ಹಚ್ಚಿಕೊಂಡರು, ಸಂಪು ಅಲ್ಲಿಗೇ ಮುಗಿಯಿತು. ಪೊಲೀಸರು ಬೇಕಾಗಲಿಲ್ಲ, ಲಾಠಿಯೂ ಬೇಕಾಗಲಿಲ್ಲ. ಅವತ್ತೇ ಅಂದುಕೊಂಡೆ, ನಾನು ಕೊಡುವ ಮಾತಿಗೆ ದೇವರನ್ನು ಜಾಮೀನು ನಿಲ್ಲಿಸುವುದಿಲ್ಲ ಅಂತ.

ನಿನ್ನ ತಮ್ಮ,
ಸಾತಪ್ಪ


ಗಡಹಿಂಗ್ಲಜ
೬-೧-೧೯೬೭

ತಮ್ಮ ಸಾತಪ್ಪಗ ಸಾವಕ್ಕನ ಆಶೀರ್ವಾದ.

ಕುಂಥುನಾಥಣ್ಣನ ಕಿರಾಣಿ ಅಂಗಡಿ ಕಟ್ಟಿ ಮ್ಯಾಲೆ ಕುಂತು ಹೇಳಾಕತ್ತೇನಿ, ಅವರು ಬರ್ಯಾಕತ್ತಾರ. ನಾ ಹೇಳಿದ್ದನ್ನ ಹೇಳಿದಂಗ ಬರೀರಿ, ನಿಮ್ಮ ಪುಸ್ತಕದ ಮಾತು ಹಾಕಬ್ಯಾಡ್ರಿ ಅಂತ ಮೊದಲ ಹೇಳೇನಿ.

ಎರಡು ವರ್ಷದ ಮ್ಯಾಲೆ ಅಕ್ಕ ನೆನಪಾದ್ಲು. ಓಟಿಗೆ ನಿಂತವರಿಗೆ ಸತ್ತವರೂ ನೆನಪಾಗತಾರಂತ, ನಾ ಇನ್ನೂ ಬದಕೇನಿ. ಪತ್ರ ಓದಿಸಿ ಕೇಳಿದೆ. ಮೊದಲು ಭಾಳ ಸಂತೋಷಾತು, ಆಮ್ಯಾಲೆ ಭಾಳ ಸಿಟ್ಟು ಬಂತು.

ಅಲ್ಲೋ, ದೇವರ ಹೆಸರು ಹೇಳಿದ್ರ ನಿನ್ನ ನಾಲಿಗಿಗೆ ಗುಳ್ಳಿ ಏಳತಾವೇನು? ನಮ್ಮ ಮಂದಿ ಎಮ್ಮಿ ಕೊಳ್ಳಬೇಕಾದ್ರೂ ಆಣಿ ಕೇಳತಾರ, ಹೆಣ್ಣು ಕೊಡಬೇಕಾದ್ರೂ ಆಣಿ ಕೇಳತಾರ. ನೀ ಇಷ್ಟು ದೊಡ್ಡ ದೇಶಕ್ಕ ಮಾತು ಕೊಡಾಂವ, ಬರೇ ಬಾಯಿಲೆ ಕೊಡ್ತಿ? ಯಾರು ನಂಬ್ಯಾರು? ಗುರಣ್ಣ ಕೆಟ್ಟಾಂವ ಅಂದ್ರ ದೇವಿ ಏನು ಮಾಡ್ಯಾಳು? ಕುಡಗೋಲು ಕಳ್ಳನ ಕೈಯಾಗ ಸಿಕ್ಕರ ಕಮ್ಮಾರನ್ನ ಬೈತಾರೇನು?

ಎಲ್ಲಮ್ಮನ ಹೆಸರು ಬ್ಯಾಡಾದ್ರ ಬ್ಯಾಡ. ಆ ಸರಕಾರದ ಈಶ್ವರ ಯಾರ ಅದಾನೋ, ಅವನ ಹೆಸರರೆ ಹೇಳು. ಮಂದಿಗಿ ಸಮಾಧಾನ ಆಗತೈತಿ, ನನಗೂ ಆಗತೈತಿ.

ಮೈ ಕಡೆ ನೋಡ್ಕೊ. ಕೆಮ್ಮಿಗೆ ಬೆಲ್ಲ ಶುಂಠಿ ತಿನ್ನು.

ನಿನ್ನ ಅಕ್ಕ,
ಸಾವಕ್ಕ

ಬರೆದವನ ಮಾತು: ಸಾತಪ್ಪಾ, ನಮ್ಮ ತೀರ್ಥಂಕರರು ಯಾರ ಜಾಮೀನಿಗೂ ಬರುವವರಲ್ಲ. ಹೀಗಾಗಿ ನಿನ್ನ ಎರಡನೆಯ ದಾರಿ ನನಗೆ ಅಂಥ ವಿಚಿತ್ರವೇನೂ ಅನ್ನಿಸಲಿಲ್ಲ. ಈ ಸಾಲನ್ನು ನಿಮ್ಮ ಅಕ್ಕನಿಗೆ ಓದಿ ಹೇಳಿಲ್ಲ. ಕುಂಥುನಾಥ.


ಇಚಲಕರಂಜಿ
೨೨-೧-೧೯೬೭

ಅಕ್ಕ,

ನಿನ್ನ ಮಾತು ಕೇಳಲಿಲ್ಲ. ಸಿಟ್ಟಾಗು, ಆದರೆ ಪತ್ರ ಪೂರ್ತಿ ಓದಿಸಿಕೊಂಡು ಸಿಟ್ಟಾಗು.

ಕಚೇರಿಯಲ್ಲಿ ನನಗಿಂತ ಮುಂಚೆ ಸೇಠ ನಿಲ್ಲಿಸಿದ ಮನುಷ್ಯನ ಸರದಿ ಇತ್ತು. ಹಣೆ ತುಂಬ ಕುಂಕುಮ, ಕೊರಳಲ್ಲಿ ಹಾರ. ಕೈ ಮುಗಿದು ‘ಈಶ್ವರಸಾಕ್ಷ ಶಪಥ ಘೇತೋ ಕೀ’ ಅಂದ ಕೂಡಲೆ ಹಿಂದಿದ್ದವರು ಜಯಕಾರ ಹಾಕಿದರು. ಆಮೇಲೆ ನಾನು. ಕಾರಕೂನ ಕಾಗದ ಕೊಟ್ಟು ಈಶ್ವರನ ಹೆಸರಿದ್ದ ಮೇಲಿನ ಸಾಲಿನ ಮೇಲೆ ಬೆರಳಿಟ್ಟ. ಕೆಳಗಿನದನ್ನು ಓದುತ್ತೇನೆ ಅಂದೆ. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ತಲೆ ಎತ್ತದೆ, ‘ದೋನ್ಹೀ ಸಾರಖೀಚ ಆಹೇತ, ವಾಚಾ’ ಅಂದರು. ಎರಡೂ ಒಂದೇ, ಓದು ಅಂತ.

ಓದಿದೆ. ಅಕ್ಕ, ನನ್ನ ಧ್ವನಿ ನನಗೇ ಕೇಳಿಸಿತು. ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಅದು ಹೊಸದು. ದೇವರ ಹೆಸರು ಹೇಳಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಸಾಹೇಬರಿಗೆ ಎರಡೂ ಒಂದೇ ಇರಬಹುದು, ಊರಿಗೆ ಅಲ್ಲ. ನಾನು ಬಸ್ಸು ಇಳಿಯುವ ಮೊದಲೇ ಸುದ್ದಿ ಇಳಿದಿತ್ತು. ಚಹಾದ ಅಂಗಡಿಯಲ್ಲಿ ಗುರಣ್ಣ ನನಗೆ ಕೇಳಲಿ ಅಂತಲೇ ಅಂದ: ‘ದೇವರಿಗೆ ನಿಷ್ಠಾ ಇಲ್ಲದಾಂವ ದೇಶಕ್ಕ ಏನ ನಿಷ್ಠಾ ಇಟ್ಟಾನ್ರಿ? ಚೀನಾದವರು ದೇವರಿಲ್ಲದ ಮಂದಿ. ಇವನೂ ಅದ ಜಾತಿ.’ ಮೊದಲೇ ನಾನು ಮಹಾರಾಷ್ಟ್ರದಲ್ಲಿ ಕನ್ನಡದವ, ಈಗ ದೇವರಿಲ್ಲದವ, ಮೇಲೆ ಚೀನಾದವ. ಒಂದು ಅಂಗಿಗೆ ಎಷ್ಟು ತೇಪೆ ನೋಡು.

ಮರುದಿನದಿಂದ ಭಂಡಾರದ ತಾಟು ಮತ್ತೆ ಹೊರಟಿದೆ. ಈ ಸಲ ‘ಸೇಠನ ಮನಷ್ಯಾಗ ಓಟು ಹಾಕ್ತೇನಿ ಅಂತ ಎತ್ರಿ, ತಪ್ಪಿದ್ರ ದೇವಿ ನೋಡ್ಕೋತಾಳ’ ಅನ್ನುತ್ತಾನೆ. ನನ್ನ ಪಕ್ಕದ ಮಗ್ಗದ ಹಣಮಂತನೂ ಎತ್ತಿದ. ಚುನಾವಣೆಗೆ ನನ್ನ ಹೆಸರನ್ನು ಮೊದಲು ಹೇಳಿದವನೇ ಅವನು. ಹಣೆಯ ಮೇಲೆ ಹಳದಿ ಇಟ್ಟುಕೊಂಡು ನೆಲ ನೋಡುತ್ತ, ‘ಮನ್ಯಾಗ ಸಣ್ಣ ಕೂಸು ಐತಿ, ಸಾತಪ್ಪಣ್ಣ’ ಅಂದ. ನಿನ್ನೆಯ ಸಭೆಗೆ ಬಂದವರು ಗೋಡೆಗೆ ಆತು ನಿಂತಿದ್ದರು, ಯಾರೂ ಮುಂದೆ ಬಂದು ಕೂರಲಿಲ್ಲ.

ಕೊಲ್ಹಾಪುರಕ್ಕೆ ಹೋಗಿ ಜಿನಪಾಲ ವಕೀಲರನ್ನು ಕಂಡೆ. ದೇವರ ಕೋಪದ ಹೆದರಿಕೆ ಹಾಕಿ ಓಟು ಕೇಳುವುದು ಕಾಯ್ದೆಗೆ ವಿರುದ್ಧ, ಅಂಥ ಚುನಾವಣೆಯನ್ನು ಕೋರ್ಟು ರದ್ದು ಮಾಡಬಹುದು ಅಂದರು. ಆದರೆ ಸಾಕ್ಷಿ ತನ್ನಿ ಅಂದರು. ಭಂಡಾರ ಎತ್ತಿದವನು ಭಂಡಾರದ ವಿರುದ್ಧ ಬಾಯಿ ಬಿಡುತ್ತಾನೆಯೇ? ಕೂತಲ್ಲಿ ಕೂರಲಾಗುತ್ತಿಲ್ಲ. ಊಟ ಮಾಡುತ್ತ ಎದ್ದು ಬಾಗಿಲಿಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತು ತಿರುಗಿ ಬರುತ್ತೇನೆ.

ಸಾತಪ್ಪ


ಗಡಹಿಂಗ್ಲಜ
೩೧-೧-೧೯೬೭

ಸಾತಪ್ಪಾ,

ಪೂರ್ತಿ ಓದಿಸಿ ಕೇಳಿ ಆಮ್ಯಾಲೆ ಸಿಟ್ಟಾದೆ. ನೀ ಹೇಳಿದಂಗ.

ಆದ್ರ ಈಗ ಸಿಟ್ಟಿನ ಹೊತ್ತಲ್ಲ. ಶುಕ್ರವಾರ ಹಣಮಂತನ ಹೆಂಡತಿ ಶಿವವ್ವ ಕೂಸು ಕಟಗೊಂಡು ಇಲ್ಲಿ ತನಾ ಬಂದಿದ್ಲು. ಎಲ್ಲಮ್ಮಗ ಉಡಿ ತುಂಬಿದ್ಲು, ಕುಂತ್ಲು, ಏಳವಲ್ಲಳು. ಏನವ್ವಾ ಅಂದೆ. ‘ಯಕ್ಕಾ, ನನ್ನ ಗಂಡ ಭಂಡಾರ ಎತ್ಯಾನ. ಮನಸು ನಿಮ್ಮ ತಮ್ಮನ ಕಡೆ ಐತಿ. ಉಣವಲ್ಲ, ಮಾತಾಡವಲ್ಲ. ಆಣಿ ಬಿಡಸ್ತೀರೇನು?’ ಅಂದ್ಲು.

ಅವ್ವ ಹೆಂಗ ಬಿಡಸತಿದ್ಲು, ನಿನಗ ನೆನಪೈತಿಲ್ಲೋ? ಆಣಿ ಮಾಡಿದಾಂವ ಒಂದು ಚಿಟಿಕಿ ಭಂಡಾರ ತಂದು ಅವ್ವನ ಉಡ್ಯಾಗ ಹಾಕತಿದ್ದ. ಅವ್ವ ಸೆರಗು ಗಂಟು ಹಾಕಿ, ‘ನಿನ್ನ ಆಣಿ ನನ್ನ ಉಡ್ಯಾಗ ಬಿತ್ತು, ಬರೂದೆಲ್ಲಾ ನನಗ ಬರಲಿ’ ಅಂತಿದ್ಲು. ಅಲ್ಲಿಗೆ ಅವನ ಆಣಿ ತೀರಿತು. ಬುಟ್ಟಿ ಹೊತ್ತಾಕಿಗೇ ಆ ಹಕ್ಕು. ನೀ ಹೊರಲಿಲ್ಲ, ನಾ ಹೊತ್ತೆ. ಈಗ ಆ ಉಡಿ ನಂದು.

ನಾ ಇಚಲಕರಂಜಿಗೆ ಬಂದು ಒಂದು ದಿನ ಕುಂತರ ಸಾಕು. ಗುರಣ್ಣ ಎತ್ತಿಸಿದ್ದನ್ನೆಲ್ಲಾ ನಾ ಇಳಿಸಿಕೊಳ್ತೇನಿ. ಮಂದಿ ಮನಸಿಗೆ ಬಂದವರಿಗೆ ಓಟು ಹಾಕ್ಲಿ. ಶಿವವ್ವಗ ಇನ್ನೂ ಹೂಂ ಅಂದಿಲ್ಲ. ನಿನ್ನ ಊರು, ನಿನ್ನ ಓಟು. ‘ಅಕ್ಕಾ ಬಾ’ ಅಂತ ಒಂದು ಕಾರ್ಡು ಹಾಕು, ಮರುದಿನದ ಎಸ್‌ಟಿ ಬಸ್ಸಿಗೆ ಬರ್ತೇನಿ.

ಸಾವಕ್ಕ


ಇಚಲಕರಂಜಿ
೬-೨-೧೯೬೭

ಅಕ್ಕ,

‘ಅಕ್ಕಾ ಬಾ’ ಅಂತ ಕಾರ್ಡು ಬರೆದೆ. ಅಂಚೆಪೆಟ್ಟಿಗೆಯವರೆಗೂ ಹೋದೆ. ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಅಂಚೆಯವನು ನಗುತ್ತಾನೆ.

ಬರಬೇಡ, ಅಕ್ಕ.

ನೀನು ಬಂದರೆ ನಾನು ಗೆದ್ದರೂ ಗೆಲ್ಲಬಹುದು. ಅದೇ ನನ್ನ ಸಂಕಟ. ಗುರಣ್ಣ ದೇವಿಯನ್ನು ಕರೆದುಕೊಂಡು ಹೋಗಿ ಓಟು ತಂದ, ನಾನೂ ನನ್ನ ದೇವಿಯನ್ನು ಕರೆಸಿ ಓಟು ತಂದೆ ಅಂತ ಆಗುತ್ತದೆ. ಅವನ ತಾಟು ದೊಡ್ಡದೋ, ನನ್ನ ಅಕ್ಕನ ಉಡಿ ದೊಡ್ಡದೋ ಅಂತ ಊರು ನೋಡುತ್ತ ನಿಲ್ಲುತ್ತದೆ. ಮುಂದಿನ ಚುನಾವಣೆಗೆ ಇನ್ನೊಬ್ಬ ಇನ್ನೂ ದೊಡ್ಡ ದೇವರನ್ನು ತರುತ್ತಾನೆ. ಆ ಕಚೇರಿಯಲ್ಲಿ ಕೆಳಗಿನ ಸಾಲನ್ನು ಓದಿ ಬಂದು ಹಿಂಬಾಗಿಲಿನಿಂದ ಮೇಲಿನ ಸಾಲನ್ನು ಕರೆಸಿಕೊಳ್ಳಲೇ? ನಿಷ್ಠೆ ಅಂತ ಓದಿದ್ದು ಬಾಯಿಯ ಚಪಲಕ್ಕಲ್ಲ.

ಇನ್ನೊಂದು ಮಾತು, ಇದನ್ನು ಕುಂಥುನಾಥಣ್ಣನವರು ಸಣ್ಣ ದನಿಯಲ್ಲಿ ಓದಲಿ. ‘ಬರೂದೆಲ್ಲಾ ನನಗ ಬರಲಿ’ ಅಂತ ನೀನು ಅಷ್ಟು ಜನರ ಆಣೆಯನ್ನು ಉಡಿಯಲ್ಲಿ ಕಟ್ಟಿಕೊಳ್ಳುವುದು ನನಗೆ ಬೇಡ. ನಾನು ನಂಬುವುದಿಲ್ಲ. ಆದರೂ ಹೆದರಿಕೆ. ನಂಬದವನಿಗೆ ಯಾಕೆ ಹೆದರಿಕೆ ಅಂತ ಕೇಳಬೇಡ. ನನಗೆ ಇರುವವಳು ನೀನೊಬ್ಬಳೇ.

ಸಾತಪ್ಪ


ಗಡಹಿಂಗ್ಲಜ
೧೧-೨-೧೯೬೭

ಸಾತಪ್ಪಾ,

ಬರೂದಿಲ್ಲ. ಸೋಲು. ನಿನ್ನ ಹಟ ಅವ್ವನ ಹಟ, ನನಗ ಹೊಸಾದಲ್ಲ.

ಶಿವವ್ವಗ ‘ಓಟು ಆಗೂ ತನಾ ನನ್ನ ಉಡಿ ಕಟ್ಟೇತಿ’ ಅಂತ ಹೇಳಿ ಕಳಿಸೇನಿ. ಅಕಿ ಅತ್ಲು. ನಾನೂ ಅತ್ತೆ. ನಿನ್ನ ಸಂವಿಧಾನಕ್ಕ ಹೆಣ್ಣುಮಕ್ಕಳ ಕಣ್ಣೀರು ಕಾಣಸ್ತೈತೋ ಇಲ್ಲೋ, ಕೇಳಿ ನೋಡು.

ಸಾವಕ್ಕ

ಬರೆದವನ ಮಾತು: ಸಣ್ಣ ದನಿಯಲ್ಲೇ ಓದಿದೆ. ಕೇಳಿದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಕುಂಥುನಾಥ.


ಇಚಲಕರಂಜಿ
೨೫-೨-೧೯೬೭

ಅಕ್ಕ,

ಸೋತೆ. ಸಣ್ಣ ಸೋಲಲ್ಲ. ಸೇಠನ ಮನುಷ್ಯನ ಮೆರವಣಿಗೆ ನಮ್ಮ ಓಣಿಯಲ್ಲೇ ಬಂದು, ನಮ್ಮ ಬಾಗಿಲಲ್ಲೇ ನಿಂತು, ಹಲಗೆ ಬಡಿದು ಹೋಯಿತು. ಅದನ್ನು ತಡೆದುಕೊಂಡೆ. ಈಗ ಬರೆಯುತ್ತಿರುವುದು ಅದಕ್ಕಲ್ಲ.

ಮೊನ್ನೆ ಹಣಮಂತನ ಮಗ್ಗದಿಂದ ಲಾಳಿ ಹಾರಿ ಅವನ ಹುಬ್ಬಿಗೆ ಬಡಿಯಿತು. ಕಣ್ಣು ಉಳಿದದ್ದೇ ಪುಣ್ಯ. ಲಾಳಿ ಹಾರುವುದು ಇಲ್ಲಿ ಹೊಸದಲ್ಲ, ಅದಕ್ಕೆ ಅಡ್ಡ ಕಟ್ಟಬೇಕಾದ ತಂತಿಯ ಜಾಲರಿಯನ್ನು ಸೇಠ ಕಟ್ಟಿಸುವುದಿಲ್ಲ. ಆದರೆ ನೆತ್ತರು ಒರೆಸುತ್ತಿರುವಾಗ ಹಣಮಂತ ನನ್ನ ಕೈ ಹಿಡಿದು, ‘ನಾ ಭಂಡಾರ ಮುರದೆ, ಸಾತಪ್ಪಣ್ಣ. ನಿನಗ ಹಾಕಿದೆ. ದೇವಿ ಹೊಡದ್ಲು’ ಅಂದ. ಎಲ್ಲರೂ ಕೇಳಿಸಿಕೊಂಡರು.

ಅವತ್ತಿನಿಂದ ಓಣಿ ನಡುಗುತ್ತಿದೆ. ಇನ್ನೂ ಯಾರು ಯಾರು ಮುರಿದಿದ್ದಾರೋ, ಹೆದರಿಕೆಯಲ್ಲೇ ಗೊತ್ತಾಗುತ್ತಿದೆ. ನಮ್ಮ ಜೊತೆ ನೇಯುವ ಯಲಗೂರಪ್ಪ ಮಗ್ಗಕ್ಕೆ ಬಂದಿಲ್ಲ. ಒಬ್ಬಳು ಮಗಳ ಕೆಮ್ಮಿಗೆ ಔಷಧಿ ಕೊಡುವುದನ್ನೇ ನಿಲ್ಲಿಸಿದ್ದಾಳೆ, ಇದು ದೇವಿಯ ಕಾಟ, ಔಷಧಿಗೆ ಹೋಗುವುದಲ್ಲ ಅಂತ. ಲಾಳಿಯ ವಿಷಯ ತಿಳಿಸಿ ಹೇಳಿದೆ, ಕಾಯ್ದೆ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು.

ಅಕ್ಕಾ, ಬಾ. ಈಗ ಓಟು ಮುಗಿದಿದೆ. ನೀನು ಬಂದರೆ ನನಗೆ ಏನೂ ಸಿಗುವುದಿಲ್ಲ, ಅದಕ್ಕೇ ಕರೆಯುತ್ತಿದ್ದೇನೆ. ಉಡಿ ಬಿಚ್ಚಿಕೊಂಡು ಬಾ.

ಸಾತಪ್ಪ


ಇಚಲಕರಂಜಿ
೧೦-೩-೧೯೬೭

ಅಕ್ಕ,

ನೀನು ಬಂದು ಹೋಗಿ ವಾರವಾಯಿತು. ನೀನು ಒಳಗೆ ಕೂತಿದ್ದೆ, ಹೊರಗೆ ನಡೆದದ್ದು ನಿನಗೆ ತಿಳಿಯದು.

ಮೊದಲು ಶಿವವ್ವ ಗಂಡನ ಕೈ ಹಿಡಿದು ಬಂದಳಲ್ಲ, ಆಗ ಓಣಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಹಣಮಂತ ಹೊರಗೆ ಬಂದು ಅಂಗಳದಲ್ಲೇ ಕೂತು ರೊಟ್ಟಿ ಕೇಳಿದ. ಅವನು ತಿನ್ನುವುದನ್ನು ನೋಡಿ ಒಂದು ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಸಾಲು ಮೂಲೆಯ ಚಹಾದ ಅಂಗಡಿ ದಾಟಿತ್ತು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿದೆ. ಇವನೂ ನನಗೆ ಹಾಕಿದನೇ? ಇವಳೂ? ನನ್ನ ಎದುರಿಗೆ ಸಿಕ್ಕರೆ ಓಣಿ ಬದಲಿಸುತ್ತಿದ್ದವರು, ಕೊರಳಲ್ಲಿ ಉರುಲು ಇದೆ ಅಂತ ನಂಬಿಕೊಂಡೇ ನನಗೆ ಓಟು ಹಾಕಿದ್ದರು. ನಾನು ಗೋಡೆಯ ಕಡೆ ತಿರುಗಿ ನಿಂತೆ, ಅಕ್ಕ. ಅಳುವುದನ್ನು ಯಾರಾದರೂ ನೋಡಿಯಾರು ಅಂತ.

ಗುರಣ್ಣನೂ ನಿನ್ನ ಉಡಿಗೆ ಒಂದು ಚಿಟಿಕೆ ಹಾಕಲು ಹಿತ್ತಲಿನಿಂದ ಬಂದದ್ದು ನಿನಗೆ ಗೊತ್ತು. ಹೊರಗೆ ಹೋಗುವಾಗ ನನಗೆ, ‘ನಾನೂ ಅಂಜಕೋತನ ತಾಟು ಹಿಡದಿದ್ದೆನೋ, ಸಾತಪ್ಪ. ನೌಕರಿ, ಏನ ಮಾಡ್ಲಿ’ ಅಂದ. ಬಯ್ಯಬೇಕು ಅಂತಿದ್ದವನು ಅವನಿಗೆ ಹಿತ್ತಲಿನ ಬಾಗಿಲು ತೆಗೆದುಕೊಟ್ಟೆ.

ಈಗ ಹಣಮಂತ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತೇನೆ ಅನ್ನುತ್ತಾನೆ. ಯಲಗೂರಪ್ಪನೂ ಅನ್ನುತ್ತಾನೆ. ಜಿನಪಾಲ ವಕೀಲರು ಚುನಾವಣೆ ರದ್ದು ಮಾಡಿಸುವ ತಕರಾರು ಅರ್ಜಿಗೆ ನನ್ನ ಸಹಿ ಬೇಕು, ಇಪ್ಪತ್ತನೆಯ ತಾರೀಖು ಸೋಮವಾರ ಕೊಲ್ಹಾಪುರಕ್ಕೆ ಬನ್ನಿ ಅಂದಿದ್ದಾರೆ.

ಆದರೆ ನಿನಗೆ ನಿಜ ಹೇಳುತ್ತೇನೆ. ನನಗೆ ಸಾಕಾಗಿದೆ. ಸೇಠ ನನ್ನನ್ನು ಮಗ್ಗದಿಂದ ತೆಗೆದುಹಾಕಿದ್ದಾನೆ. ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿ ಕೆಲಸ ಇದೆ, ಭೂಪಾಲ ಅಂತ ನನ್ನ ಹಳೆಯ ಗೆಳೆಯ ಅಲ್ಲಿದ್ದಾನೆ. ಅದೂ ಸೋಮವಾರವೇ, ಸಹಿ ಹಾಕಲು ಹೋಗುವ ಬಸ್ಸೇ ಅಲ್ಲಿಗೂ ಹೋಗುತ್ತದೆ. ಕೋರ್ಟು ಕಚೇರಿ, ವರ್ಷಗಟ್ಟಲೆ ಅಲೆದಾಟ, ಮತ್ತೆ ಚೀನಾದವ ಅನ್ನಿಸಿಕೊಳ್ಳುವುದು, ಇದೆಲ್ಲ ಯಾಕೆ? ಚುನಾವಣೆಗೆ ನಿಂತಾಗ ಮಾಡಿದ ಶಪಥ ಅದು. ಸೋತವನ ಮೇಲೆ ಅದರ ಹಕ್ಕು ಏನಿದೆ?

ಓಣಿಯವರದೆಲ್ಲ ಬಿಡಿಸಿದೆ. ನಿನ್ನ ತಮ್ಮನದೂ ಒಂದು ಬಿಡಿಸು. ತಮಾಷೆ ಅಂದುಕೊಳ್ಳಬೇಡ. ನೀನು ‘ಬಿಟ್ಟಿತು ಹೋಗು’ ಅಂದರೆ ನಾನು ನಿದ್ದೆ ಮಾಡುತ್ತೇನೆ.

ಸಾತಪ್ಪ


ಗಡಹಿಂಗ್ಲಜ
೧೫-೩-೧೯೬೭

ಸಾತಪ್ಪಾ,

ನಾ ಗಟ್ಟಿ ಅದೇನಿ. ಸೊಂಟ ನೋಯತೈತಿ, ಅದು ದೇವಿದಲ್ಲ, ನಿಪ್ಪಾಣಿ ರಸ್ತಾದ ಎಸ್‌ಟಿದು. ನೀ ಅಂಜಬ್ಯಾಡ.

ನಿನ್ನ ಪತ್ರ ಓದಿಸಿ ಕೇಳಿದೆ. ಕುಂಥುನಾಥಣ್ಣ ‘ಉತ್ತರ ಬರೀಲೇನವ್ವ’ ಅಂದ್ರು, ‘ತಡೀರಿ’ ಅಂದೆ. ಬುಟ್ಟಿ ಮುಂದ ಹೋಗಿ ಕುಂತೆ. ನಿಂದು ಬಿಡಸಬೇಕು ಅಂತ ಖರೇನ ಮನಸಾತು. ನೀ ನನ್ನ ಕೈಯಾಗ ಬೆಳದ ಕೂಸು, ನಿನ್ನ ನಿದ್ದಿಗೆ ನಾ ಏನು ಕೊಡೂದಿಲ್ಲ? ಸೆರಗು ಒಡ್ಡಿದೆ. ಆದ್ರ ಸೆರಗಿನ್ಯಾಗ ಹಾಕೂದು ಏನು? ನೀ ಭಂಡಾರ ಎತ್ತಿಲ್ಲ, ನೀರು ಮುಟ್ಟಿಲ್ಲ, ಬೇಲಪತ್ರಿ ಹಿಡದಿಲ್ಲ.

ಹಣಮಂತ ದೇವೀನ್ನ ಸಾಕ್ಷಿ ಇಟ್ಟಿದ್ದ. ನಾ ದೇವಿ ಕಾಲು ಹಿಡದು, ‘ತಾಯಿ, ಸಣ್ಣವರು, ಅಂಜಿ ಆಡಿದ ಮಾತು, ಬಿಡು’ ಅಂದೆ. ಬಿಟ್ಲು. ಆ ಕುಂಕುಮದಾಂವ ಈಶ್ವರನ್ನ ಸಾಕ್ಷಿ ಇಟ್ಟಾನಲ್ಲ, ನಾಳೆ ತಪ್ಪಿದ್ರ ಅವನೂ ಯಾವುದರೆ ಗುಡಿಗೆ ಹೋಗಿ ಕಾಯಿ ಒಡದು ಬಿಡಿಸಿಕೊಂಡು ಬರತಾನ. ನೀ ಯಾರ್ನ ಇಟ್ಟಿ? ಯಾರ್ನೂ ಇಡಲಿಲ್ಲ. ‘ನಾನ ಹೇಳತೇನಿ’ ಅಂದಿ. ಈಗ ನಾ ಹೋಗಿ ಯಾರ ಕಾಲು ಹಿಡೀಲಿ, ಹೇಳು?

ಎರಡೂ ಒಂದ ಅಂತ ನಿಮ್ಮ ಸಾಹೇಬ ಅಂದಾನಂತಲ್ಲ. ಅವಗ ತಿಳೀದು. ನಾನೂ ಮೊದಲು ನಿಂದು ಹಗರ ಆಣಿ ಅಂತ ಬೈದೆ. ಎಲ್ಲಾರ ಆಣಿ ಉಡ್ಯಾಗ ಕಟಗೊಂಡು ಬಂದಾಕಿ, ನಿಂದೊಂದು ಎತ್ತಾಕ ಆಗಲಿಲ್ಲ ನನಗ.

ಅದು ನಿನ್ನ ಮೈಮ್ಯಾಲ ಇರೂದ, ಸಾಯೂ ತನಾ. ಹೊತಗೊಂಡು ನಡಿ. ಅವತ್ತು ಬುಟ್ಟಿ ಒಲ್ಲೆ ಅಂದಿದ್ದಿ ಅಲ್ಲಾ, ಇದು ನಿನ್ನ ಬುಟ್ಟಿ.

ಸೋಮವಾರ ನಾನೂ ಕೊಲ್ಹಾಪುರಕ್ಕ ಬರ್ತೇನಿ. ವಕೀಲರ ಮನಿ ಕುಂಥುನಾಥಣ್ಣಗ ಗೊತ್ತೈತಂತ. ಮೆಟ್ಟಲ ಮ್ಯಾಲೆ ಕುಂತಿರತೇನಿ, ರೊಟ್ಟಿ ಝುಣಕಾ ಕಟಗೊಂಡು. ನೀ ಫೌಂಡ್ರಿಗೆ ಹೋದ್ರ ರೊಟ್ಟಿ ನಾನ ತಿಂದು ಬರ್ತೇನಿ.

ನಿನ್ನ ಅಕ್ಕ,
ಸಾವಕ್ಕ